ಮಹಿಷ ಸಾಯುವುದು ಗೊತ್ತಿದ್ದೂ ನಿಂತು ನೋಡ್ತೀವಲ್ಲ

ಸುಬೇದಾರ್ ಸಾಹೇಬರಿಗೆ ನಮಸ್ಕಾರ.

ನಾಪೋಕ್ಲಿನಿಂದ ನೀವು ಬರೆದ ಪತ್ರ ಬಂದು ಹತ್ತು ದಿನವಾಯಿತು. ಇನ್‌ಲ್ಯಾಂಡ್ ಲೆಟರ್ ಪೂರ್ತಿ ತುಂಬಿಸಿ, ಅಂಟಿಸುವ ಅಂಚಿನಲ್ಲೂ ನಾಲ್ಕು ಸಾಲು ಬರೆದಿದ್ದೀರಿ. ಸಿಟ್ಟು ಅಷ್ಟಿತ್ತು ಅಂತ ಕಾಣುತ್ತದೆ.

ಪತ್ರ ನೋಡದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಕುಶಾಲನಗರದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ರೆಸ್ಲಿಂಗ್ ಶೋ ಬಗ್ಗೆ ಕಳೆದ ಸಂಚಿಕೆಯಲ್ಲಿ ನಮ್ಮ ಹುಡುಗ ಎರಡು ಪುಟ ವಿಮರ್ಶೆ ಬರೆದಿದ್ದ. ಅದಕ್ಕೆ ಸುಬೇದಾರರ ತಕರಾರು ಮೂರು. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡು ಆಡುವ ನಾಟಕಕ್ಕೆ ಎರಡು ಪುಟ ಯಾಕೆ ದಂಡ ಮಾಡಿದಿರಿ, ಆ ಜಾಗದಲ್ಲಿ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಹಾಕಬಹುದಿತ್ತು ಅನ್ನುವುದು ಒಂದು. ಬರೆದದ್ದೇ ಬರೆದಿರಿ, ಕೈಯಿಂದ ದುಡ್ಡು ಹಾಕಿಕೊಂಡು ಊರೂರು ತಿರುಗುವ ಮಕ್ಕಳಿಗೆ ಐದಕ್ಕೆ ಎರಡೂವರೆ ಸ್ಟಾರ್ ಕೊಟ್ಟು ಮರ್ಯಾದೆ ತೆಗೆಯೋದಾ ಅನ್ನುವುದು ಎರಡು. ಇಷ್ಟೆಲ್ಲ ಬರೆದು ಕೊನೆಯ ಪಂದ್ಯ ಗೆದ್ದವನು ಯಾರು ಅಂತಲೇ ಹೇಳಲಿಲ್ಲವಲ್ಲ ಅನ್ನುವುದು ಮೂರು.

ಮೊದಲನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಓದಿ ನನಗೆ ನಗು ಬಂತು ಸಾಹೇಬರೇ. ನಾಟಕ ಅಂತ ಬೈದು, ಗೆದ್ದವನು ಯಾರು ಅಂತಲೂ ಕೇಳ್ತೀರಲ್ಲ! ತಪ್ಪು ತಿಳಿಯಬೇಡಿ, ಅದು ಎಲ್ಲರಿಗೂ ಆಗುವುದೇ.

ಪತ್ರದಲ್ಲಿ ದಾರಾ ಸಿಂಗ್ ಹೆಸರು ಎತ್ತಿದ್ದೀರಿ. ಅವರ ಕಾಲದಲ್ಲಿ ಎಲ್ಲ ಅಸಲಿ ಇತ್ತು, ಈಗಿನದು ಬರೀ ಡೌಲು ಅಂದಿದ್ದೀರಿ. ದಾರಾ ಸಿಂಗ್ ಪೈಲ್ವಾನರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಿಂಗ್ ಕಾಂಗ್ ಅಂತ ಹೆಸರಿಟ್ಟುಕೊಂಡ ಆ ಹಂಗೇರಿಯ ದೈತ್ಯನ ಜೊತೆ ಅವರು ಆಡಿದ್ದೂ ಇದೇ ಕುಲದ ಕುಸ್ತಿ. ನಮ್ಮ ಮೈಸೂರು ದಸರಾದ ನಾಡಕುಸ್ತಿ ಬೇರೆ, ಅದು ಬೇರೆ. ಎರಡಕ್ಕೂ ಕುಸ್ತಿ ಅಂತ ಒಂದೇ ಹೆಸರು ಬಿದ್ದದ್ದರಿಂದ ಈ ಗೊಂದಲ.

ಪೂರ್ತಿ ಅಸಲಿಯಾದರೆ ಹೇಗಿರುತ್ತದೆ ಅಂತ ಒಂದು ಹಳೇ ಕಥೆ ಹೇಳ್ತೀನಿ. 1910ರ ಸೆಪ್ಟೆಂಬರ್, ಲಂಡನ್. ನಮ್ಮ ಗಾಮಾ ಪೈಲ್ವಾನರ ಎದುರು ಪೋಲೆಂಡಿನ ಝಿಬಿಸ್ಕೊ. ಶುರುವಾದ ಸ್ವಲ್ಪ ಹೊತ್ತಿಗೇ ಗಾಮಾ ಅವನನ್ನು ಕೆಡವಿದರು. ಕೆಡವಿದ ಮೇಲೆ ಆ ಮನುಷ್ಯ ಹೊಟ್ಟೆ ಅಡಿಯಾಗಿ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟ. ಎಷ್ಟು ಹೊತ್ತು? ಎರಡೂವರೆ ಗಂಟೆ! ಚಿತ್ ಮಾಡಲು ಆಗಲಿಲ್ಲ, ಪಂದ್ಯ ಡ್ರಾ. ಮುಂದಿನ ವಾರ ಮತ್ತೆ ಸೇರೋಣ ಅಂದರೆ ಅವನು ಬರಲೇ ಇಲ್ಲ. ಆಮೇಲೆ 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಗಾಮಾ ಒಂದು ನಿಮಿಷದೊಳಗೆ ಮುಗಿಸಿದರು. ಗಾಮಾ ಮೇಲಿನ ಗೌರವ ಇದರಿಂದ ಒಂದು ಗುಲಗಂಜಿಯೂ ಕಮ್ಮಿಯಾಗುವುದಿಲ್ಲ. ಆದರೆ ಟಿಕೆಟ್ ಕೊಂಡು ಕೂತವನನ್ನು ಯೋಚಿಸಿ. ಒಂದು ಸಲ ಎರಡೂವರೆ ಗಂಟೆ ಬೆನ್ನು ನೋಡಬೇಕು, ಇನ್ನೊಂದು ಸಲ ಕೂರುವಷ್ಟರಲ್ಲಿ ಮುಗಿದಿರುತ್ತದೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಎಡ್ ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಡ್ಟ್ ಅನ್ನುವ ಮೂವರು ಸೇರಿ ಇದಕ್ಕೊಂದು ದಾರಿ ಹುಡುಕಿದರು. ಪಂದ್ಯಕ್ಕೆ ಸಮಯದ ಮಿತಿ ಹಾಕಿದರು, ಎತ್ತಿ ಒಗೆಯುವುದು, ಹಾರುವುದು ಎಲ್ಲ ತಂದರು. ನಿಮ್ಮ ಮೊಮ್ಮಕ್ಕಳು ಟೀವಿಯಲ್ಲಿ ನೋಡುವುದು ಅದರ ಮರಿಮಕ್ಕಳನ್ನು.

ಗುಟ್ಟು ಬಯಲು ಮಾಡಿದ್ದೂ ನಾವಲ್ಲ. 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಅನ್ನುವ ಅಮೆರಿಕದ ದೊಡ್ಡ ರೆಸ್ಲಿಂಗ್ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ನಮ್ಮದು ಮನರಂಜನೆ, ಸ್ಪರ್ಧೆ ಅಲ್ಲ ಅಂತ ಒಪ್ಪಿಕೊಂಡರು. ಸತ್ಯದ ಮೇಲಿನ ಪ್ರೀತಿಯಿಂದಲ್ಲ ಬಿಡಿ. ಕ್ರೀಡೆ ಅಂದರೆ ಅಲ್ಲಿನ ಸರ್ಕಾರಿ ಕ್ರೀಡಾ ಕಮಿಷನ್ನಿನ ಕಾಟ ಮತ್ತು ತೆರಿಗೆ.

ಸರಿ, ಮೊದಲೇ ತೀರ್ಮಾನವಾದದ್ದಕ್ಕೆ ವಿಮರ್ಶೆ ಯಾಕೆ? ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಹತ್ತು ಮಂಟಪ, ಅಂದರೆ ಪುರಾಣದ ಕಥೆ ತೋರಿಸುವ ಚಲಿಸುವ ಬೊಂಬೆಗಳ ಸ್ತಬ್ಧಚಿತ್ರ, ಹೊರಡುತ್ತವೆ. ಮಹಿಷ ಸಾಯುತ್ತಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಹೆಗಲ ಮೇಲೆ ಕೂತ ಮಗುವಿಗೂ ಗೊತ್ತು. ಆದರೂ ಸ್ವೆಟರ್ ಹಾಕಿಕೊಂಡು, ಕಡಲೆಕಾಯಿ ತಿನ್ನುತ್ತಾ ಬೆಳಗಿನ ಜಾವದವರೆಗೆ ಬೀದಿಯಲ್ಲಿ ನಿಲ್ಲುತ್ತೇವೆ. ಹೊಗೆ ಸರಿಯಾದ ಹೊತ್ತಿಗೆ ಬಂತಾ, ದೇವಿಯ ಕೈ ಮೇಲೆದ್ದಾಗ ಅಸುರನ ಕಣ್ಣಿನ ಕೆಂಪು ಲೈಟು ಹತ್ತಿತಾ ಅಂತ ನೋಡುತ್ತೇವೆ. ತ್ರಿಶೂಲ ಎತ್ತುವ ಮೊದಲೇ ಮಹಿಷ ಮಗುಚಿಕೊಂಡರೆ 'ಈ ಸಲ ಇವರದ್ದು ಕೆಟ್ಟಿತು' ಅನ್ನುವವರು ನಾವೇ ಅಲ್ವಾ? ತೀರ್ಪುಗಾರರು ಬಹುಮಾನ ಹೇಳಿದ ಮೇಲೆ ಹೋಟೆಲ್‌ಗಳಲ್ಲಿ ವಾರಗಟ್ಟಲೆ ಜಗಳ ನಡೆಯುತ್ತದೆ. ಅದೂ ವಿಮರ್ಶೆಯೇ. ಇಡೀ ಊರೇ ಮಾಡುತ್ತದೆ.

ನಮ್ಮ ಹುಡುಗ ಮಾಡಿದ್ದೂ ಅಷ್ಟೇ. ಎರಡನೇ ಪಂದ್ಯವನ್ನೇ ತೆಗೆದುಕೊಳ್ಳಿ. ಒಬ್ಬ ಇನ್ನೊಬ್ಬನ ಎಡ ಮೊಣಕಾಲನ್ನು ಏಳು ನಿಮಿಷ ತಿರುಚಿದ, ತುಳಿದ, ಕಂಬಕ್ಕೆ ಬಡಿದ. ಜನ 'ಅಯ್ಯೋ' ಅಂತ ಮರುಗಿದರು. ಎಂಟನೇ ನಿಮಿಷಕ್ಕೆ ಆ ಕುಂಟನೇ ಜಿಂಕೆಯ ಹಾಗೆ ಓಡಿ ಹಗ್ಗ ಹಾರಿದ! ನೋವು ತೋರಿಸುವುದಕ್ಕೆ ರೆಸ್ಲಿಂಗ್‌ನವರು 'ಸೆಲ್' ಮಾಡುವುದು ಅಂತಾರೆ. ಅದನ್ನು ಮರೆತರೆ ಹಿಂದಿನ ಏಳು ನಿಮಿಷ ನೀರಿಗೆ ಹೋದಂತೆ. ಇನ್ನು ಮುಂದೆ ಅವನ ಕಾಲು ಮುರಿದರೂ ಜನ ಮರುಗುವುದಿಲ್ಲ. ಇದನ್ನು ಬರೆಯದೆ 'ಹುಡುಗರು ಚೆನ್ನಾಗಿ ಆಡಿದರು' ಅಂತ ಬರೆದರೆ ಅದು ವಿಮರ್ಶೆ ಅಲ್ಲ, ಮದುವೆ ಮನೆಯ ಉಪಚಾರ.

ಎಲ್ಲ ಸುಳ್ಳು ಅಂದಿದ್ದೀರಲ್ಲ, ಅದಕ್ಕೂ ಒಂದು ಮಾತು. ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ, ಮಂದ್‌ನಲ್ಲಿ (ಊರಿನ ಬಯಲಲ್ಲಿ), ಬೆತ್ತ ಹಿಡಿದು ಆಡುವ ಪರಿಯಕಳಿ ನೋಡಿದ್ದೀರಿ, ಬಹುಶಃ ಆಡಿಯೂ ಇದ್ದೀರಿ. ಮೊಣಕಾಲಿನ ಕೆಳಗೇ ಹೊಡೆಯಬೇಕು ಅನ್ನುವುದು ನಿಯಮ. ಮುಗಿದ ಮೇಲೆ ಇಬ್ಬರೂ ಅಪ್ಪಿಕೊಳ್ಳಬೇಕು. ದ್ವೇಷ ಇಲ್ಲ, ಆದರೆ ಬೆತ್ತದ ಬರೆ ಮಾತ್ರ ನಿಜ. ರಿಂಗ್ ಕೂಡ ಹಾಗೇ. ಬೆಳಿಗ್ಗೆ ಲಾರಿಯಿಂದ ಆ ಹುಡುಗರೇ ಇಳಿಸಿ ಬೋಲ್ಟ್ ಬಿಗಿಯುವಾಗ ನಾನು ಹೋಗಿ ಕೈಯಿಟ್ಟು ನೋಡಿದೆ. ಕೆಳಗೆ ಕಬ್ಬಿಣದ ಚೌಕಟ್ಟು, ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳಗಿನ ಫೋಮು, ಕ್ಯಾನ್ವಾಸ್. ಅಷ್ಟೇ. ಗದ್ದವನ್ನು ಎದೆಗೆ ಒತ್ತಿ, ಬೆನ್ನು ಪೂರ್ತಿ ಒಟ್ಟಿಗೆ ತಾಗುವಂತೆ ಬೀಳುವುದನ್ನು ತಿಂಗಳುಗಟ್ಟಲೆ ಕಲಿಯುತ್ತಾರೆ. ಅದಕ್ಕೆ 'ಬಂಪ್' ಅಂತ ಹೆಸರು. ಕಲಿತರೂ ನೋವು ಹೋಗುವುದಿಲ್ಲ, ಕತ್ತು ಉಳಿಯುತ್ತದೆ ಅಷ್ಟೆ. ಅಂಗೈಯಿಂದ ಎದೆಗೆ ಬೀಸುವ ಏಟಂತೂ ನಿಜದ ಏಟೇ. ಮೊದಲ ಸಾಲಿನಲ್ಲಿದ್ದ ನನಗೆ ಐದು ಬೆರಳೂ ಎಣಿಸಲು ಬಂತು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ನೀವು ಹಿಡಿದದ್ದಲ್ಲ ಇದು, ನಾನೇ ಹೇಳುತ್ತಿರುವುದು.

ಕೊನೆಯ ಪಂದ್ಯದಲ್ಲಿ ನೀಲಿ ಚಡ್ಡಿಯ ಹುಡುಗ ಮೂಲೆ ಕಂಬದ ಮೇಲಿಂದ ಹಾರಲು ಹೋಗಿ ಕಾಲು ಜಾರಿ, ರಿಂಗಿನ ಅಂಚಿಗೆ ಭುಜ ಬಡಿದುಕೊಂಡು ಬಿದ್ದ. 'ಜನ ನಕ್ಕರು, ಪಂದ್ಯ ಅಲ್ಲಿಗೆ ಸತ್ತಿತು' ಅಂತ ನಮ್ಮ ವಿಮರ್ಶೆಯಲ್ಲಿದೆ. ಬರೆದವನು ಹಿಂದೆ ಬೋಂಡಾ ಕೌಂಟರ್ ಹತ್ತಿರ ನಿಂತಿದ್ದ. ಅವನಿಗೆ ನಗು ಕೇಳಿಸಿತು, ಮುಂದಿನದು ಕಾಣಲಿಲ್ಲ. ನನಗೆ ಕಂಡಿತು. ಎದುರಾಳಿ ಗಡ್ಡದವನು, ಅವತ್ತಿನ ವಿಲನ್, ಬಿದ್ದವನ ಕೂದಲನ್ನು ಎಡಗೈಯಲ್ಲಿ ಹಿಡಿದು ಜನರಿಗೆ ಕಾಣುವಂತೆ ಗರ್ಜಿಸಿದ. ಬಲಗೈ ಕೆಳಗೆ ಹೋಗಿ ಹುಡುಗನ ಅಂಗೈಯನ್ನು ಒಂದು ಸಲ ಅದುಮಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹುಡುಗನ ಬೆರಳು ವಾಪಸ್ ಅದುಮಿದವು. ರೆಫರಿ ಬಗ್ಗಿ ತುಟಿ ಅಲ್ಲಾಡಿಸದೆ ಏನೋ ಕೇಳಿದ. ರೆಫರಿಯೇನಾದರೂ ಎರಡೂ ಕೈ ತಲೆ ಮೇಲೆ ಎತ್ತಿ ಕತ್ತರಿ ಹಾಕಿದ್ದರೆ ಏಟು ನಿಜವಾದದ್ದು ಅಂತ ಅರ್ಥ, ಆಟ ಅಲ್ಲಿಗೆ ನಿಲ್ಲಬೇಕು. ಹಾಕಲಿಲ್ಲ. ಗಡ್ಡದವನು ಎದ್ದು, ಜನರ ಕಡೆ ತಿರುಗಿ, 'ಕಾಲೆಳೆದದ್ದು ನಾನೇ' ಅನ್ನುವ ಹಾಗೆ ಬೆರಳಿಂದ ತನ್ನ ಎದೆ ತಟ್ಟಿಕೊಂಡ. ನಗು ನಿಂತಿತು. ಬೈಗುಳ ಶುರುವಾಯಿತು. ಅಲ್ಲಿಂದ ಮುಂದೆ ಪೆಟ್ಟಾದ ಭುಜವನ್ನು ಬಿಟ್ಟು ಇನ್ನೊಂದು ಭುಜಕ್ಕೇ ಕೈ ಹಾಕಿದ. ಬಿದ್ದದ್ದನ್ನು ಕಥೆಯೊಳಗೆ ಸೇರಿಸಿಕೊಂಡು, ಗೆಳೆಯನ ಮೈಯನ್ನೂ ಕಾಪಾಡಿದ. ಅವತ್ತು ನಾನು ನೋಡಿದ ಅತಿ ಒಳ್ಳೆಯ ಕೆಲಸ ಅದು. ಅದನ್ನೇ ನಾವು ಸೋಲು ಅಂತ ಬರೆದೆವು. ತಪ್ಪಾಯಿತು.

ಆದರೆ ಕುರ್ಚಿಯ ವಿಷಯದಲ್ಲಿ ನಾವು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ನಾಲ್ಕನೇ ಪಂದ್ಯದಲ್ಲಿ ಮಂಟಪದ ಕಬ್ಬಿಣದ ಕುರ್ಚಿ ತಂದು ಒಬ್ಬನ ತಲೆಗೆ ಹೊಡೆದರು. ಅವನು ಕೈ ಅಡ್ಡ ತರಲಿಲ್ಲ. ಶಿಳ್ಳೆ ಬಿತ್ತು, ನಿಜ. ಅಷ್ಟು ದೊಡ್ಡ ಡಬ್ಲ್ಯುಡಬ್ಲ್ಯುಇ ಕಂಪನಿಯೇ ತಲೆಗೆ ಕುರ್ಚಿ ಹೊಡೆಯುವುದನ್ನು 2010ರಲ್ಲಿ ನಿಲ್ಲಿಸಿತು. ಅವರಿಗೆ ಪಕ್ಕದಲ್ಲೇ ಡಾಕ್ಟರಿರುತ್ತಾರೆ. ಇಲ್ಲಿ ಹೊರಗೆ ನಿಂತಿದ್ದದ್ದು ರಿಂಗು ತಂದ ಲಾರಿ. ಮೈಸೂರಿಗೆ ಎರಡು ಗಂಟೆ ದಾರಿ. ಪಾಪ, ಬಡ ಹುಡುಗರು ಅಂತ ಇದನ್ನು ಬಿಟ್ಟುಬಿಡಬೇಕಿತ್ತೇ? ಪಾಪ ಅನ್ನಿಸಿದ್ದಕ್ಕೇ ಬರೆದದ್ದು.

ಸ್ಟಾರ್ ಬಗ್ಗೆ ಮಾತ್ರ ನಿಮ್ಮ ಜೊತೆ ನಾನಿದ್ದೇನೆ. ಈ ಸ್ಟಾರ್ ಲೆಕ್ಕ ಜಗತ್ತಿಗೆಲ್ಲ ಅಂಟಿದ್ದು ಅಮೆರಿಕದ ಡೇವ್ ಮೆಲ್ಟ್ಜರ್ ಎಂಬ ಪತ್ರಕರ್ತರಿಂದ. ದಶಕಗಳಿಂದ ರೆಸ್ಲಿಂಗ್ ಬಗ್ಗೆ ಪತ್ರಿಕೆ ನಡೆಸುವವರು. ಐದರ ಅಳತೆ ಅಂತಾರೆ. ಜಪಾನಿನಲ್ಲಿ ಒಕಾಡಾ ಮತ್ತು ಒಮೆಗಾ ಆಡಿದ ಪಂದ್ಯಕ್ಕೆ 2017ರಲ್ಲಿ ಆರು ಕೊಟ್ಟರು, 2018ರಲ್ಲಿ ಅದೇ ಜೋಡಿಗೆ ಏಳು! ಸೇರಿನಲ್ಲಿ ಹಿಡಿಸದಷ್ಟು ಭತ್ತ ಬಂದರೆ ಸೇರನ್ನೇ ಎತ್ತರ ಮಾಡಿದ ಹಾಗಾಯಿತು. ಇನ್ನು ಮೇಲೆ ನಮ್ಮಲ್ಲಿ ಸ್ಟಾರ್ ಇರುವುದಿಲ್ಲ. ಬರೆದದ್ದನ್ನು ಓದಿ, ಸಾಕು.

ಮೆಲ್ಟ್ಜರ್ ಹೆಸರು ಬಂದದ್ದಕ್ಕೆ ಇನ್ನೊಂದು ನೆನಪಾಯಿತು. ವಿಮರ್ಶೆಯಿಂದ ಹುಡುಗರು ಕುಗ್ಗಿಹೋಗುತ್ತಾರೆ ಅಂದಿರಲ್ಲ. ದೊಡ್ಡ ಕಂಪನಿಗೆ ಸೇರದವರು ಹತ್ತು ಸಾವಿರ ಟಿಕೆಟ್ ಮಾರಬಲ್ಲರಾ ಅಂತ 2017ರಲ್ಲಿ ಯಾರೋ ಕೇಳಿದರೆ, ಸದ್ಯಕ್ಕಂತೂ ಆಗದು ಅಂತ ಅವರು ಅಂದುಬಿಟ್ಟರು. ಕೋಡಿ ರೋಡ್ಸ್ ಎಂಬ ಆಟಗಾರ 'ಬಾಜಿ ಕಟ್ಟುತ್ತೇನೆ' ಅಂದ. ಗೆಳೆಯರ ಜೊತೆ ಸೇರಿ ಸ್ವಂತ ದುಡ್ಡು ಹಾಕಿ 2018ರ ಸೆಪ್ಟೆಂಬರ್ 1ರಂದು ಷಿಕಾಗೋ ಪಕ್ಕದಲ್ಲಿ ಶೋ ಮಾಡಿದ. ಟಿಕೆಟ್ ಅರ್ಧ ಗಂಟೆಯಲ್ಲಿ ಖಾಲಿ. ಹತ್ತು ಸಾವಿರಕ್ಕೂ ಜಾಸ್ತಿ ಜನ ಬಂದರು. ನಮ್ಮ ಪತ್ರಿಕೆ ಮಾತಿಗೆ ಅಷ್ಟು ಬೆಲೆ ಇಲ್ಲ ಬಿಡಿ. ಆದರೂ ಆ ಹುಡುಗರು ನೀವು ಅಂದುಕೊಂಡಷ್ಟು ಮೆತ್ತಗಿಲ್ಲ. ಅವರು ಕಳಿಸಿದ ಪಾಸ್ ವಾಪಸ್ ಮಾಡಿ 150 ರೂಪಾಯಿ ಕೊಟ್ಟೇ ನಾವು ಒಳಗೆ ಹೋದದ್ದು. ಅವರಿಗೆ ಬೇಜಾರಾದದ್ದು ನಾವು ಬೋಂಡಾ ಮಾತ್ರ ತಿಂದು, ಅವರ ಟೀಶರ್ಟ್ ಕೊಳ್ಳಲಿಲ್ಲ ಅನ್ನುವುದಕ್ಕಂತೆ. ಟೀಶರ್ಟಿನ ಕಾಸೇ ಅವರ ಸಂಪಾದನೆ.

ಕೊನೆಗೆ, ಗೆದ್ದವನು ಯಾರು? ಹೇಳದೆ ಬಿಟ್ಟದ್ದು ಬೇಕಂತಲೇ ಅಲ್ಲ, ಜಾಗ ಸಾಲದೆ ಕೊನೆಯ ಪ್ಯಾರಾ ಕತ್ತರಿಸಿದವನು ನಾನು. ಗೆದ್ದದ್ದು ಗಡ್ಡದವನು. ಬೇರೆಯವರೆಲ್ಲ ಟೀವಿಯಲ್ಲಿ ಕೇಳಿದ ಇಂಗ್ಲಿಷ್ ಡೈಲಾಗ್ ಹೊಡೆಯುತ್ತಿದ್ದರೆ ಅವನೊಬ್ಬ ಮೈಕ್ ಹಿಡಿದು ಅಚ್ಚ ಕನ್ನಡದಲ್ಲಿ, 'ಕೊಡಗಿನವರು ಹಾಕಿ ಸ್ಟಿಕ್ ಹಿಡಿಯೋದು ನಾಯಿ ಓಡಿಸೋಕೆ' ಅಂದಿದ್ದ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಮೊಮ್ಮಗನ ಜೊತೆ ಬಂದವರು. ಅಷ್ಟು ಹೊತ್ತೂ ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಇದ್ದವರು ಕೊಡೆ ಎತ್ತಿಕೊಂಡು ಎದ್ದು ನಿಂತರು. ಕೊನೆಗೆ ರೆಫರಿ ಆ ಕಡೆ ತಿರುಗಿದಾಗ ಗಡ್ಡದವನು ಹುಡುಗನ ಕಣ್ಣಿಗೆ ಕೈ ಹಾಕಿ, ಅವನನ್ನು ಚಿತ್ ಮಾಡಿ, ಹಗ್ಗದ ಮೇಲೆ ಕಾಲಿಟ್ಟು ಒತ್ತಿ ಹಿಡಿದು, ಗೆಲುವಿಗೆ ಬೇಕಾದ ರೆಫರಿಯ ಮೂರು ಎಣಿಕೆಯನ್ನು ಮೋಸದಿಂದ ಪಡೆದ. ಅಜ್ಜಿ ಹಾಕಿದ ಶಾಪವನ್ನು ಅಚ್ಚು ಹಾಕುವಂತಿಲ್ಲ.

ಮೊನ್ನೆ ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ಅದೇ ಅಜ್ಜಿ ಸಿಕ್ಕಿದರು. ನನ್ನ ಗುರುತು ಹಿಡಿದು, ಬ್ಯಾಗ್ ಕೆಳಗಿಟ್ಟು ಕೇಳಿದರು: 'ಆ ಗಡ್ಡದ ನನ್ಮಗ ಮತ್ತೆ ಯಾವಾಗ ಬರ್ತಾನಂತೆ?'

— ಸಂ.