ಪಾಸ್‌ವರ್ಡ್ ಸರಿಯಿದೆ, ಮೇಲ್ ಮಾತ್ರ ಬರುತ್ತಿಲ್ಲ!

ಕಂಪ್ಯೂಟರ್ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳೆಲ್ಲ ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಲ್ಲಿ ಇಮೇಲ್ ಖಾತೆ ಸೇರಿಸುವಾಗ ಎದುರಾಗುವ ತಕರಾರುಗಳ ಬಗ್ಗೆ.

ಪ್ರಶ್ನೆ: ಜಿಮೇಲ್ ಖಾತೆ ಸೇರಿಸಲು ಹೋದರೆ ಪಾಸ್‌ವರ್ಡ್ ತಪ್ಪು ಎನ್ನುತ್ತದೆ. ಅದೇ ಪಾಸ್‌ವರ್ಡ್ ಬ್ರೌಸರಿನಲ್ಲಿ ಸಲೀಸಾಗಿ ನಡೆಯುತ್ತದೆ. ಮೂರು ಸಲ ಬದಲಿಸಿ ನೋಡಿದ್ದಾಯಿತು.
– ಓದುಗರು, ಶಿರಸಿ

ಉತ್ತರ: ಇನ್ನು ಬದಲಿಸಬೇಡಿ, ತೊಂದರೆ ಪಾಸ್‌ವರ್ಡಿನದ್ದಲ್ಲ. ಬೇರೆ ಪ್ರೋಗ್ರಾಂಗಳು ಬರಿಯ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿದೆ. ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಇದನ್ನೇ ಮಾಡಿತು. ಈಗ ಬೇಕಿರುವುದು ‘ಓಆತ್2’ ಎಂಬ ವಿಧಾನ. ಇದರಲ್ಲಿ ಥಂಡರ್‌ಬರ್ಡ್ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ, ನೀವು ಗೂಗಲ್‌ನ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಕೊಡುತ್ತೀರಿ. ಪ್ರೋಗ್ರಾಂನ ಕೈಗೆ ಸಿಗುವುದು ಒಂದು ಟೋಕನ್, ಅಂದರೆ ಅನುಮತಿ ಚೀಟಿ ಅಷ್ಟೇ, ಪಾಸ್‌ವರ್ಡ್ ಅಲ್ಲ.

ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯ ಸರ್ವರ್ ಸೆಟ್ಟಿಂಗ್ಸ್ ತೆರೆಯಿರಿ. ಸರ್ವರ್ ಹೆಸರು ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) 993, ಭದ್ರತೆ ಎಸ್‌ಎಸ್‌ಎಲ್/ಟಿಎಲ್‌ಎಸ್ ಇರಬೇಕು. ‘ಅಥೆಂಟಿಕೇಶನ್ ಮೆಥಡ್’ ಎದುರು ‘ನಾರ್ಮಲ್ ಪಾಸ್‌ವರ್ಡ್’ ಇದ್ದರೆ ಓಆತ್2 ಆರಿಸಿ. ಎಡಪಟ್ಟಿಯ ತಳದಲ್ಲಿರುವ ‘ಔಟ್‌ಗೋಯಿಂಗ್ ಸರ್ವರ್’ನಲ್ಲೂ ಇದೇ ಬದಲಾವಣೆ ಮಾಡಬೇಕು. ಬಹಳ ಜನ ಇದನ್ನು ಮರೆತು, ‘ಮೇಲ್ ಬರುತ್ತಿದೆ, ಹೋಗುತ್ತಿಲ್ಲ’ ಎಂದು ಮತ್ತೆ ಬರೆಯುತ್ತಾರೆ.

ಇಷ್ಟಾದರೂ ಹಳೆಯ ಪಾಸ್‌ವರ್ಡ್ ಅಡ್ಡಬರಬಹುದು. ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಸೇವ್ಡ್ ಪಾಸ್‌ವರ್ಡ್ಸ್’ ತೆರೆದು ಜಿಮೇಲ್‌ಗೆ ಸೇರಿದ ಸಾಲುಗಳನ್ನೆಲ್ಲ ಅಳಿಸಿ. ಅಲ್ಲೇ ಕುಕೀಗಳಿಗೆ ಅನುಮತಿ ಇದೆಯೇ ನೋಡಿ. ಅದು ಬಂದ್ ಆಗಿದ್ದರೆ ಲಾಗಿನ್ ಕಿಟಕಿ ಮುಂದೆ ಹೋಗುವುದಿಲ್ಲ. ಬಳಿಕ ಪ್ರೋಗ್ರಾಂ ಮುಚ್ಚಿ ತೆರೆಯಿರಿ.

ಓಆತ್2 ಗೊತ್ತಿಲ್ಲದ ಹಳೆಯ ಪ್ರೋಗ್ರಾಂ ಬಳಸುವವರಿಗೆ 16 ಅಕ್ಷರದ ‘ಆ್ಯಪ್ ಪಾಸ್‌ವರ್ಡ್’ ಎಂಬ ದಾರಿಯಿದೆ. ಅದಕ್ಕೆ ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಇರಬೇಕು. ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದ ಕೂಡಲೇ ಇದು ರದ್ದಾಗುತ್ತದೆ. ನಿಮ್ಮಂತೆ ಮೂರು ಸಲ ಬದಲಿಸುವವರಿಗೆ ಇದು ಒಗ್ಗದು.

ಪ್ರಶ್ನೆ: ಅಂಗಡಿಯ ಹೆಸರಿನ ಡೊಮೈನ್‌ನಲ್ಲಿ ಇಮೇಲ್ ಮಾಡಿಸಿದ್ದೇವೆ. ಬರುವುದೆಲ್ಲ ಬರುತ್ತದೆ. ಕಳಿಸಲು ಒತ್ತಿದರೆ ನಿಮಿಷಗಟ್ಟಲೆ ತಿರುಗಿ ‘ಟೈಮ್ಡ್ ಔಟ್’ ಎನ್ನುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಮೇಲ್ ತರುವ ಸರ್ವರೇ ಬೇರೆ, ಒಯ್ಯುವ ಸರ್ವರೇ ಬೇರೆ. ಒಂದು ಸರಿಯಿದ್ದರೆ ಇನ್ನೊಂದೂ ಸರಿಯಿರಬೇಕೆಂದಿಲ್ಲ.

ನಿಮಗೆ ಬಂದಿರುವುದು ‘ಪಾಸ್‌ವರ್ಡ್ ತಪ್ಪು’ ಅಲ್ಲ, ‘ಟೈಮ್ಡ್ ಔಟ್’. ಅಂದರೆ ಮಾತುಕತೆಯೇ ಶುರುವಾಗಿಲ್ಲ. ಮೊದಲು ಪೋರ್ಟ್ ನೋಡಿ. 25 ಇದ್ದರೆ ಬದಲಿಸಿ, ಸ್ಪ್ಯಾಮ್ ತಡೆಯಲು ಬಹಳಷ್ಟು ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. 465ಕ್ಕೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587ಕ್ಕೆ ಸ್ಟಾರ್ಟ್‌ಟಿಎಲ್‌ಎಸ್: ಈ ಜೋಡಿ ತಪ್ಪಬಾರದು. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಹಾಕಿದರೆ ಸರ್ವರ್ ಮೊದಲು ಮಾತಾಡಲಿ ಎಂದು ಪ್ರೋಗ್ರಾಂ, ಪ್ರೋಗ್ರಾಂ ಮೊದಲು ಮಾತಾಡಲಿ ಎಂದು ಸರ್ವರ್ ಕಾಯುತ್ತಾ ಕೂರುತ್ತವೆ. ನೀವು ನೋಡುತ್ತಿರುವ ತಿರುಗುವ ಚಕ್ರ ಅದೇ ಇರಬಹುದು.

ಜೋಡಿ ಸರಿಯಿದ್ದೂ ಹೋಗದಿದ್ದರೆ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ ಒಂದು ಮೇಲ್ ಕಳಿಸಿ. ಹೋಯಿತೋ, ತಡೆ ಇರುವುದು ಅಂಗಡಿಯ ಬ್ರಾಡ್‌ಬ್ಯಾಂಡ್ ಅಥವಾ ರೂಟರಿನಲ್ಲಿ. ಅದನ್ನು ಹಾಕಿಕೊಟ್ಟವರನ್ನು ಕೇಳಿ.

ಪೋರ್ಟ್ ಸರಿಯಾದ ಮೇಲೆ ‘ರಿಲೇ ಆ್ಯಕ್ಸೆಸ್ ಡಿನೈಡ್’ (ನಿಮ್ಮ ಮೇಲ್ ಒಯ್ಯಲು ಅನುಮತಿಯಿಲ್ಲ) ಎಂಬ ಸಂದೇಶ ಬರಬಹುದು. ಆಗ ಅಥೆಂಟಿಕೇಶನ್ ಜಾಗದಲ್ಲಿ ‘ನೋ ಅಥೆಂಟಿಕೇಶನ್’ ಇದೆಯೇ ಎಂದು ಮೊದಲು ನೋಡಿ. ಯೂಸರ್‌ನೇಮ್ ಎಂದರೆ ಸಾಮಾನ್ಯವಾಗಿ ಪೂರ್ತಿ ಇಮೇಲ್ ವಿಳಾಸ, ಆ್ಯಟ್ ಚಿಹ್ನೆಯ ಹಿಂದಿನ ಭಾಗ ಮಾತ್ರ ಸಾಲದು. ಇನ್ನೊಂದು ಮಾತು. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಜಿಮೇಲ್ ಕೂಡ ಇದ್ದರೆ, ಅಂಗಡಿಯ ಖಾತೆಗೆ ಅಂಗಡಿಯದೇ ಔಟ್‌ಗೋಯಿಂಗ್ ಸರ್ವರ್ ಆರಿಸಿದ್ದೀರಾ ನೋಡಿ. ಇಲ್ಲದಿದ್ದರೆ ಗಿರಾಕಿಗೆ ಅಂಗಡಿಯ ಬದಲು ನಿಮ್ಮ ಜಿಮೇಲ್ ವಿಳಾಸದಿಂದ ಬಿಲ್ ಹೋದೀತು.

ಮೇಲ್ ಹೋದ ಮೇಲೂ ‘ಸೆಂಟ್ ಫೋಲ್ಡರಿನಲ್ಲಿ ಪ್ರತಿ ಇಡಲಾಗಲಿಲ್ಲ’ ಎಂಬ ದೂರು ಕಂಡರೆ ಗಾಬರಿಯಾಗಿ ಮತ್ತೆ ಕಳಿಸಬೇಡಿ, ಗಿರಾಕಿಗೆ ಅದೇ ಬಿಲ್ ಎರಡೆರಡು ಸಲ ತಲುಪುತ್ತದೆ. ‘ಕಾಪೀಸ್ ಅಂಡ್ ಫೋಲ್ಡರ್ಸ್’ನಲ್ಲಿ ಸರಿಯಾದ ಸೆಂಟ್ ಫೋಲ್ಡರ್ ಆರಿಸಿದರೆ ಸಾಕು.

ಪ್ರಶ್ನೆ: ಆಫೀಸಿನ ಕಂಪ್ಯೂಟರಿಗೆ ಬಂದ ಮೇಲ್‌ಗಳು ಕೆಲವು ದಿನಗಳ ನಂತರ ಫೋನಿನಲ್ಲಿ ಕಾಣೆಯಾಗುತ್ತವೆ. ಯಾರಾದರೂ ಅಳಿಸುತ್ತಿದ್ದಾರೆಯೇ?
– ಓದುಗರು, ಪುತ್ತೂರು

ಉತ್ತರ: ಯಾರ ಮೇಲೂ ಅನುಮಾನ ಬೇಡ, ಖಾತೆಯನ್ನು ಪಾಪ್3 ರೀತಿಯಲ್ಲಿ ಸೇರಿಸಿರಬೇಕು. ಪಾಪ್ ಮೇಲ್ ಅನ್ನು ಸರ್ವರಿನಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತದೆ. ಸರ್ವರಿನಲ್ಲಿ ಪ್ರತಿಯನ್ನು ಎಷ್ಟು ದಿನ ಉಳಿಸಬೇಕೆಂಬ ಆಯ್ಕೆಯಲ್ಲಿ ಥಂಡರ್‌ಬರ್ಡ್ ತಾನಾಗಿ 14 ಎಂದು ತುಂಬಿರುತ್ತದೆ. ಸದ್ಯಕ್ಕೆ ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಆ ಗೆರೆಯ ಟಿಕ್ ತೆಗೆಯಿರಿ, ‘ಲೀವ್ ಮೆಸೇಜಸ್ ಆನ್ ಸರ್ವರ್’ ಮಾತ್ರ ಉಳಿಯಲಿ.

ಕಾಯಂ ಪರಿಹಾರ ಐಮ್ಯಾಪ್, ಅದರಲ್ಲಿ ಮೇಲ್ ಸರ್ವರಿನಲ್ಲೇ ಉಳಿದು ಕಂಪ್ಯೂಟರ್, ಫೋನ್ ಎರಡರಲ್ಲೂ ಕಾಣುತ್ತದೆ. ಇರುವ ಖಾತೆಯ ಬಗೆಯನ್ನು ಬದಲಿಸಲು ಬರುವುದಿಲ್ಲ. ಅದೇ ವಿಳಾಸವನ್ನು ಐಮ್ಯಾಪ್ ಖಾತೆಯಾಗಿ ಮತ್ತೊಮ್ಮೆ ಸೇರಿಸಿ, ಹಳೆಯ ಮೇಲ್‌ಗಳನ್ನು ಸ್ವಲ್ಪಸ್ವಲ್ಪವಾಗಿ, ನೂರರ ಲೆಕ್ಕದಲ್ಲಿ ಹೊಸ ಖಾತೆಯ ಫೋಲ್ಡರಿಗೆ ನಕಲಿಸಿ. ಎಲ್ಲವೂ ಫೋನಿನಲ್ಲಿ ಕಂಡ ಮೇಲಷ್ಟೇ ಹಳೆಯ ಖಾತೆ ತೆಗೆಯಿರಿ. ಇದಕ್ಕೆಲ್ಲ ಕೈಹಾಕುವ ಮುನ್ನ ಬ್ಯಾಕಪ್ ಇಟ್ಟುಕೊಳ್ಳಿ: ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ನಿಂದ ಪ್ರೊಫೈಲ್ ಫೋಲ್ಡರ್ ತೆರೆದು, ಥಂಡರ್‌ಬರ್ಡ್ ಮುಚ್ಚಿ, ಆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಪ್ರಶ್ನೆ: ವಿಂಡೋಸ್ 7 ಇರುವ ಹಳೆಯ ಕಂಪ್ಯೂಟರ್. ತೆರೆದಾಗಲೆಲ್ಲ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಎಚ್ಚರಿಕೆ. ಒಪ್ಪಿಕೊಳ್ಳಬಹುದೇ?
– ಓದುಗರು, ಗದಗ

ಉತ್ತರ: ಸರ್ಟಿಫಿಕೇಟ್ ಎಂದರೆ ಸರ್ವರಿನ ಗುರುತಿನ ಚೀಟಿ. ಒಪ್ಪುವ ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಿ. ಅದು ಹತ್ತಾರು ವರ್ಷ ಹಿಂದಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಸತ್ತಿದೆ. ಹೆಚ್ಚಿನವುಗಳಲ್ಲಿ ಇರುವುದು ಸಿಆರ್2032, ನಾಣ್ಯದಂಥ ಸೆಲ್. ಅದನ್ನು ಹಾಕಿ ದಿನಾಂಕ ಸರಿಮಾಡಿದರೆ ಎಚ್ಚರಿಕೆ ನಿಲ್ಲುತ್ತದೆ. ದಿನಾಂಕ ಸರಿಯಿದ್ದರೆ ‘ವ್ಯೂ’ ಒತ್ತಿ, ಸರ್ಟಿಫಿಕೇಟ್ ಯಾರು, ಯಾರ ಹೆಸರಿಗೆ ಕೊಟ್ಟಿದ್ದಾರೆಂದು ನೋಡಿ. ಕೊಟ್ಟವರ ಜಾಗದಲ್ಲಿ ಆ್ಯಂಟಿವೈರಸ್ ಹೆಸರಿದ್ದರೆ ಅದರ ಮೇಲ್ ಸ್ಕ್ಯಾನ್ ಆಯ್ಕೆ ಬಂದ್ ಮಾಡಿ. ಪಡೆದವರ ಜಾಗದಲ್ಲಿ ಹೋಸ್ಟಿಂಗ್ ಕಂಪನಿಯ (ನಿಮ್ಮ ಇಮೇಲ್ ಸರ್ವರ್ ನಡೆಸುವವರ) ಸರ್ವರ್ ಹೆಸರಿದ್ದರೆ ಅದು ನಿಜವೇ ಎಂದು ಅವರನ್ನು ಕೇಳಿ, ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನೇ ಹಾಕಿ. ಎರಡೂ ಅಲ್ಲದ ಅಪರಿಚಿತ ಹೆಸರಾದರೆ, ವಿಶೇಷವಾಗಿ ಹೊರಗಿನ ವೈಫೈನಲ್ಲಿದ್ದಾಗ, ಖಂಡಿತ ಒಪ್ಪಬೇಡಿ. ಅಂದಹಾಗೆ, ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಥಂಡರ್‌ಬರ್ಡ್ ಆವೃತ್ತಿ 115. ನಿಮ್ಮದು ಅದಕ್ಕಿಂತ ಹಳೆಯದಾದರೆ ಅಲ್ಲಿಯವರೆಗಾದರೂ ಅಪ್‌ಡೇಟ್ ಮಾಡಿ.