ಮೊದಲ ಕಾರೇ ಫೋರ್ ವೀಲ್ ಡ್ರೈವ್ ಆಗಬೇಕಾ?

ಹಿಮ ಬೀಳುವ ದೇಶಕ್ಕೆ ಹೊಸದಾಗಿ ಬಂದಿದ್ದೇನೆ, ಕೈಯಲ್ಲಿ ದುಡ್ಡು ಕಮ್ಮಿ, ಹಳೆಯ ಫೋರ್ ವೀಲ್ ಡ್ರೈವ್ ತಗೊಳ್ಳಬಹುದಾ ಎಂದು ಕೇಳಿದ್ದೀರಿ. ತಗೊಳ್ಳಬಹುದು. ಏರುರಸ್ತೆಯಲ್ಲಿ ಮನೆ, ಹಿಮ ತೆಗೆಯದ ದಾರಿ, ನಸುಕಿನ ಶಿಫ್ಟ್ ಇದ್ದರೆ ಬೇಕೇ ಬೇಕು. ಊರ ನಡುವೆ ಇದ್ದರೆ ಸಾದಾ ಕಾರಿಗೆ ನಾಲ್ಕು ಒಳ್ಳೆ ವಿಂಟರ್ ಟೈರ್ ಹಾಕಿಸಿ, ಸಾಕು. ನಾಲ್ಕೂ ಚಕ್ರಕ್ಕೆ ಬಲ ಹೋದರೆ ಗಾಡಿ ಸಲೀಸಾಗಿ ಹೊರಡುತ್ತದೆ ಅಷ್ಟೇ, ನಿಲ್ಲಿಸುವುದು ಟೈರು. ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಬಿರುಸಾಗಿ ಹಿಡಿತ ಕಮ್ಮಿಯಾಗುತ್ತದೆ.

ಇನ್ಶೂರೆನ್ಸ್ ಎಷ್ಟು ಬೀಳುತ್ತದೆ ಎಂದು ಕಾರು ಕೊಳ್ಳುವ ಮೊದಲೇ ಕೇಳಿಬಿಡಿ. ಸಾಲದ ವಿಷಯ ನಾನು ಹೇಳುವುದಿಲ್ಲ, ಮನೆಯಲ್ಲಿ ಕೇಳಿದರೆ ಏನು ಹೇಳುತ್ತಾರೆ ಅಂತ ನಿಮಗೇ ಗೊತ್ತು.

ಹೋಂಡಾ ಸಿಆರ್-ವಿ, ಟೊಯೋಟಾ ರ‍್ಯಾವ್4, ಸುಬಾರು ಫಾರೆಸ್ಟರ್ ಎಲ್ಲರೂ ಹೇಳುವ ಹೆಸರುಗಳು, ನಾನೂ ಅವನ್ನೇ ಹೇಳುತ್ತೇನೆ. ಮೊದಲೆರಡು ಮುಂದಿನ ಚಕ್ರಕ್ಕೆ ಮಾತ್ರ ಬಲ ಕೊಡುವ ಮಾದರಿಯಲ್ಲೂ ಬರುತ್ತವೆ. ಜಾಹೀರಾತು ನಂಬಬೇಡಿ, ಬಗ್ಗಿ ನೋಡಿ, ಅಡಿಯಲ್ಲಿ ಹಿಂದಿನ ಚಕ್ರದ ಕಡೆಗೆ ಬಲ ಒಯ್ಯುವ ಉದ್ದನೆಯ ಲೋಹದ ಕಂಬಿ (ಶಾಫ್ಟ್) ಹೋಗಿರಬೇಕು. ಲಿವರ್ ಎಳೆದು ಫೋರ್ ವೀಲ್ ಹಾಕುವ ಜೀಪಿನ ತರದ್ದಾದರೆ ಒಣ ಡಾಂಬರಿನ ಮೇಲೆ ಅದನ್ನು ಹಾಕಿ ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಉರುಳಬೇಕು, ಅಂಥ ಗಾಡಿಯಲ್ಲಿ ಎರಡನ್ನೂ ಒಟ್ಟಿಗೆ ಬಿಗಿದಿರುವುದರಿಂದ ಗೇರುಗಳ ಮೇಲೆ ಜೋರು ಒತ್ತಡ ಬೀಳುತ್ತದೆ.

ಈಗ ಮುಖ್ಯ ವಿಷಯ. ಟೈರು ನೋಡಿ, ನಾಲ್ಕನ್ನೂ.

ನಾನು ಬಂದ ಮೊದಲ ಚಳಿಗಾಲದಲ್ಲಿ ಕೊಂಡ ಗಾಡಿ ಫಳಫಳ ಅನ್ನುತ್ತಿತ್ತು. ಊರಿಗೆ ಫೋಟೋ ಕಳಿಸಿದೆ, ಅಪ್ಪ ಬೀದಿಗೆಲ್ಲ ತೋರಿಸಿದರು. ಅದರಲ್ಲಿ ಒಂದು ಟೈರು ಮಾತ್ರ ಹೊಸದು. ನಮ್ಮಲ್ಲಿ ಒಂದು ಹೋದರೆ ಒಂದೇ ಹಾಕಿಸುತ್ತೇವೆ ಅಲ್ವಾ, ಅದರಲ್ಲೇನು ಅನ್ನಿಸುತ್ತದೆ. ಆದರೆ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಒಂದು ಟೈರು ದಪ್ಪ, ಉಳಿದವು ಸವೆದವು ಆದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ಲಿಗೂ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಕಪ್ಲಿಂಗಿಗೂ (ಮುಂದಿನ, ಹಿಂದಿನ ಚಕ್ರಗಳನ್ನು ಜೋಡಿಸುವ ಭಾಗ) ಬಿಡುವೇ ಇಲ್ಲ, ಬಿಸಿಯಾಗಿ ಬಿಸಿಯಾಗಿ ಹಾಳಾಗುತ್ತವೆ. ಮಾರಿದವನು ಹಾಗೇ ಎಷ್ಟು ಕಾಲ ಓಡಿಸಿದ್ದನೋ. ರಿಪೇರಿ ಬಿಲ್ಲಿಗೆ ಊರಿಗೆ ಹೋಗುವ ಟಿಕೆಟ್ಟಿಗೆಂದು ಇಟ್ಟ ದುಡ್ಡೆಲ್ಲ ಹೋಯಿತು. ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿದೆ. ಅವಳು ಇವತ್ತಿಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ನಾಲ್ಕೂ ಒಂದೇ ಕಂಪನಿಯದು, ಒಂದೇ ಸೈಜಿನದು, ಸವೆತದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲದ್ದು ಇರಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆಮೇಲೆ ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕಿ. ಗಾಡಿ ಹಿಡಿದು ಬಿಟ್ಟ ಹಾಗೆ ಜಗ್ಗಿದರೆ ಬೇಡ.

ರಸ್ತೆಗೆ ಉಪ್ಪು ಸುರಿಯುವ ಕಡೆ ತುಕ್ಕು ಅಡಿಯಿಂದ ಹತ್ತುತ್ತದೆ. ಫ್ರೇಮು, ಬ್ರೇಕಿನ ಪೈಪು ನೋಡಿ. ಅಡಿಗೆ ಆಗಷ್ಟೇ ಕಪ್ಪು ಬಣ್ಣ ಬಳಿದಿದ್ದರೆ ಅನುಮಾನ ಪಡಿ. ಮಾರುವವನ ಪರಿಚಯದ ಮೆಕ್ಯಾನಿಕ್ ಬೇಡ, ನೀವೇ ದುಡ್ಡು ಕೊಟ್ಟು ಬೇರೆಯವನಿಂದ ತೋರಿಸಿ. ಹಾಗೆ ಕೇಳಿದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಎದ್ದು ಬನ್ನಿ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ.