ಹಂಗಿಲ್ಲದ ಪ್ರವಾಸ

ಓದುಗರ ಪತ್ರ: ಮಾನ್ಯ ಸಂಪಾದಕರೆ, ರಜೆಯಲ್ಲಿ ಮನೆಮಂದಿಯೆಲ್ಲ ಕಾರು ಮಾಡಿಕೊಂಡು ಮೂರು ದಿನದಲ್ಲಿ ಬೀದರ್, ಅಷ್ಟೂರು, ಬಸವಕಲ್ಯಾಣ, ಗಾಣಗಾಪುರ, ಸನ್ನತಿ, ಸುರಪುರ ಮುಗಿಸಿದೆವು. ನೀರಿನ ಕ್ಯಾನು, ರೊಟ್ಟಿ ಬುತ್ತಿ ಮನೆಯಿಂದಲೇ ಒಯ್ದಿದ್ದೆವು. ದಾರಿಗೆ ಮೊಬೈಲ್ ಮ್ಯಾಪ್ ಇತ್ತು. ಯಾರ ಹಂಗಿಗೂ ಬೀಳಲಿಲ್ಲ. ಆದರೆ ತಿರುಗಿ ಬಂದ ಮೇಲೆ ಫೋಟೊ ಬಿಟ್ಟರೆ ಏನೂ ಉಳಿದಿಲ್ಲ. ಅಷ್ಟೂರಿನ ಗುಮ್ಮಟದೊಳಗೆ ಕತ್ತಲು, ಚಿತ್ರವೇ ಕಾಣಲಿಲ್ಲ. ನಮ್ಮ ಭಾಗದ ಜನ ಮೊದಲಿನಂತೆ ಮಾತಿಗೆ ಸಿಗುವುದಿಲ್ಲವೇಕೆ?
(ಕಲಬುರಗಿಯ ಓದುಗರು)

ಸಂಪಾದಕರ ಉತ್ತರ: ಪ್ರಶ್ನೆ ಕೊನೆಯ ಸಾಲಿನಲ್ಲಿದೆ, ಉತ್ತರ ಪತ್ರದ ನಡುವೆಯೇ ಕೂತಿದೆ. ‘ಯಾರ ಹಂಗಿಗೂ ಬೀಳಲಿಲ್ಲ.’ ನೀರು ಕೇಳಲಿಲ್ಲ, ದಾರಿ ಕೇಳಲಿಲ್ಲ, ಚಾಕ್ಕೆಂದು ಯಾರ ಅಂಗಡಿಯ ಬೆಂಚಿನ ಮೇಲೂ ಕುಂಡಲಿಲ್ಲ. ಇನ್ನು ಜನ ಬಂದು ನಿಮ್ಮ ಕಾರಿನ ಗಾಜು ತಟ್ಟಿ ಮಾತಾಡಿಸಬೇಕಿತ್ತೇ?

ಕಾರು ಬೇಡವೆಂದಲ್ಲ. ಮೊಣಕಾಲು ನೋವಿನ ತಾಯಿ, ಎಳೆಯ ಮಕ್ಕಳು, ಮೇ ತಿಂಗಳ ನಮ್ಮ ಬಿಸಿಲು, ಹೆಂಗಸರಿಗೆ ನೆಟ್ಟಗೆ ಒಂದು ಶೌಚಾಲಯವಿಲ್ಲದ ನಿಲ್ದಾಣಗಳು, ಇವೆಲ್ಲ ಖರೆ. ಅಷ್ಟು ಒಪ್ಪಿ ಮುಂದೆ ಹೋಗುತ್ತೇನೆ. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಎಂಬ ಗಾದೆ ಮನೆಯಲ್ಲಿ ಇರುವವರಿಗೆ ಸರಿ. ದಾರಿಗೆ ಇಳಿದವರು ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು.

ನೀವು ನೋಡಿದ ಬೀದರಿಗೇ ಐನೂರೈವತ್ತು ವರ್ಷದ ಹಿಂದೆ ರಷ್ಯಾದ ತ್ವೇರ್ ಊರಿನ ವ್ಯಾಪಾರಿಯೊಬ್ಬ ಬಂದಿದ್ದ, ಅಫನಾಸಿ ನಿಕಿತಿನ್. ಮಾರಲೆಂದು ಹಡಗಿನಲ್ಲಿ ತಂದದ್ದು ಒಂದೇ ಒಂದು ಕುದುರೆ. ಈಗಿನ ಮಹಾರಾಷ್ಟ್ರದ ಜುನ್ನರಿನಲ್ಲಿ ಅಲ್ಲಿನ ಖಾನ ಅದನ್ನು ಕಸಿದುಕೊಂಡು, ನಮ್ಮ ಮತಕ್ಕೆ ಬಂದರೆ ಕೊಡುತ್ತೇನೆ ಎಂದ. ಬಿಡಿಸಿಕೊಟ್ಟವನು ಪರ್ಷಿಯಾ ಕಡೆಯ ಒಬ್ಬ ಖುರಾಸಾನಿ. ಕುದುರೆ ಬೇಗ ಮಾರಾಟವಾಗದೆ ಮೇವಿನ ಖರ್ಚು ಏರಿತು, ಬೀದರಿನಲ್ಲಿ ನಿಲ್ಲಬೇಕಾಯಿತು. ಹಾಗೆ ನಿಂತದ್ದಕ್ಕೇ ಇಲ್ಲಿಯ ಹಿಂದೂಗಳ ಪರಿಚಯವಾಯಿತು. ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ಹೇಳಿದ ಮೇಲೆ ಅವರು ಊಟ, ಪೂಜೆ, ವ್ಯಾಪಾರ ಏನನ್ನೂ ತನ್ನಿಂದ ಮುಚ್ಚಿಡಲಿಲ್ಲವೆಂದು ಬರೆದಿದ್ದಾನೆ. ಅವರ ಜೊತೆಗೇ ಶ್ರೀಶೈಲಕ್ಕೂ ಹೋಗಿಬಂದ. ಕುದುರೆ ಬಂದ ದಿನವೇ ಮಾರಿಹೋಗಿದ್ದರೆ ರೊಕ್ಕ ಎಣಿಸಿಕೊಂಡು ಹೊರಟುಬಿಡುತ್ತಿದ್ದ. ನಮ್ಮ ಆಳಂದದ ಜಾತ್ರೆಯ ಕುದುರೆ ವ್ಯಾಪಾರದ ಸುದ್ದಿಯೂ ಅವನ ಬರಹದಲ್ಲಿದೆ. ಇದು ಆಳಂದದವರಿಗೇ ಗೊತ್ತಿಲ್ಲ, ಇರಲಿ.

ಗಾಣಗಾಪುರಕ್ಕೂ ಹೋಗಿದ್ದಿರಿ. ದತ್ತನ ಆ ಕ್ಷೇತ್ರದಲ್ಲಿ ಮಧ್ಯಾಹ್ನದ ಮಾಧುಕರಿ, ಅಂದರೆ ಮನೆಮನೆಯ ಭಿಕ್ಷೆ, ನೋಡಿದಿರಾ? ಲಕ್ಷಾಧೀಶನೂ ಅಲ್ಲಿ ಜೋಳಿಗೆ ಹಿಡಿದು ಐದು ಮನೆಯ ಮುಂದೆ ನಿಲ್ಲಬೇಕು. ಭಕ್ತಿಯ ಮಾತು ಆಚೆಗಿಡಿ. ಪರವೂರಿನ ಬಾಗಿಲ ಮುಂದೆ ಕೈ ಒಡ್ಡಿ ನಿಲ್ಲುವುದನ್ನು ಕಲಿಸುವ ಊರು ಅದು. ಹುಣ್ಣಿಮೆಗೆ ಹೋದರೆ ನೂಕುನುಗ್ಗಲಿನಲ್ಲಿ ಜೋಳಿಗೆ ತುಂಬಬಹುದು, ಮಾತು ಹುಟ್ಟುವುದಿಲ್ಲ. ನಡುವಾರದಲ್ಲಿ ಹೋಗಿ.

ಈಗ ಬಸ್ಸಿನ ಮಾತು. ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಗಿನ ಜಾವ ಹೊರಡುವ ಗಾಡಿಗೆ ನಮ್ಮಲ್ಲಿ ವಸ್ತಿ ಬಸ್ ಅನ್ನುತ್ತಾರೆ. ಹೊಸಬರು ಎಡವುವುದು ಇಲ್ಲಿಯೇ. ‘ಏಳಕ್ಕೊಂದು ಬಸ್ ಅದರಿ’ ಅಂದದ್ದನ್ನು ನಂಬಿ ಏಳರ ತನಕ ಕಟ್ಟೆಯ ಮೇಲೆ ಕೂಡುತ್ತಾರೆ. ಏಳಕ್ಕೆ ಬರುವುದು ವಸ್ತಿ ಗಾಡಿ. ಡ್ರೈವರ್ ಎಂಜಿನ್ ಆರಿಸಿ ಊಟಕ್ಕೆ ಹೋಗುತ್ತಾನೆ, ಇವರು ಲಾಡ್ಜ್ ಇಲ್ಲದ ಊರಿನಲ್ಲಿ ಉಳಿದರು. ಆದ್ದರಿಂದ ಹೋದ ಬಸ್ಸಿನಿಂದ ಇಳಿಯುವಾಗಲೇ ಕಂಡಕ್ಟರನನ್ನು ಕೇಳಿ: ‘ತಿರುಗಿ ಹೋಗೋ ಕಡೀ ಬಸ್ ಎಷ್ಟಕ್ಕರಿ?’ ಲೆಕ್ಕ ಹಾಕುವುದು ಅದಕ್ಕಿಂತ ಮುಂಚಿನ ಬಸ್ಸಿಗೆ. ಸಂಜೆಯ ಕಡೀ ಬಸ್ ಕೈಕೊಟ್ಟರೆ ಬೆಳಗಿನ ತನಕ ಗತಿಯಿಲ್ಲ.

ಹತ್ತರ, ಇಪ್ಪತ್ತರ ನೋಟು ಜೇಬಿನಲ್ಲಿರಲಿ. ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದರೂ ಕಿಟಕಿ ಪಕ್ಕದ ಜಾಗ ಬೇರೆಯವರಿಗೆ ಬಿಡಿ. ಮೂವರ ಸೀಟಿನಲ್ಲಿ ನಡುವೆ ಕೂತವನಿಗೆ ಎರಡೂ ಕಡೆಯ ಸುದ್ದಿ ಸಿಗುತ್ತದೆ. ‘ಯಾವೂರ್ರಿ ನಿಮ್ದು?’ ಎಂಬ ಮೊದಲ ಪ್ರಶ್ನೆ ಅವರದೇ. ‘ಯಾರ ಪೈಕಿ?’ ಎಂಬ ಎರಡನೆಯದು ಬರುವ ಮುಂಚೆ ನೀವೇ ‘ಈ ಸಲ ತೊಗರಿ ಹ್ಯಾಂಗ ಅದರಿ?’ ಅನ್ನಿ. ನೆಟೆ ರೋಗ ಹೊಕ್ಕದ್ದು, ಮಂಜು ಬಿದ್ದು ಹೂ ಉದುರಿದ್ದು, ಕೊಯ್ಲಿನ ಹೊತ್ತಿಗೆ ದರ ಇಳಿದದ್ದು, ಅಫಜಲಪುರದ ತನಕ ಸಾಲುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ರೊಕ್ಕ ಇಲ್ಲವಾದ ಮೇಲೆ ಈ ಬಸ್ಸುಗಳ ಮಾತೇ ಬದಲಾಗಿದೆ. ಸೀಟು ಸಿಗಲಿಲ್ಲವೆಂದು ಗಂಡಸರು ಗೊಣಗುತ್ತಾರೆ. ಗೊಣಗಲಿ. ತವರಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದವರು ಮನಸ್ಸಾದಾಗ ಹೋಗುತ್ತಿದ್ದಾರೆ. ಪ್ರವಾಸ ಅಂದರೆ ಏನೆಂದು ನನ್ನನ್ನು ಕೇಳುವುದಕ್ಕಿಂತ ಅವರನ್ನು ಕೇಳಿ.

ಬೀದರಿನಲ್ಲಿ ಬಿದರಿ ಸಾಮಾನು ಕೊಂಡಿರಬೇಕು. ಅಂಗಡಿಯಿಂದ ಕೊಂಡಿರಿ ಎಂದೂ ಹೇಳಬಲ್ಲೆ. ಮುಂದಿನ ಸಲ ಕೆಲಸದ ಮನೆಗೆ ಹೋಗಿ, ದರ ಕೊನೆಗೆ ಕೇಳಿ. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕೂಡಿಸಿ ಮಣ್ಣಿನ ಅಚ್ಚಿಗೆ ಎರೆಯುತ್ತಾರೆ. ಅರ ಹಾಕಿ ನಯ ಮಾಡಿದ ಮೇಲೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡುತ್ತಾರೆ. ಈ ಕಪ್ಪು ತಾತ್ಕಾಲಿಕ, ಗೀರಿದ ಗೆರೆ ಕಣ್ಣಿಗೆ ಎದ್ದು ಕಾಣಲೆಂದು. ಆಮೇಲೆ ಉಳಿಯಿಂದ ಕೆತ್ತಿ, ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಉಳಿ ಜಾರಿದರೆ ಗೆರೆ ಅಗಲವಾಗಿ ತಂತಿ ನಿಲ್ಲುವುದಿಲ್ಲ. ಕೆತ್ತುವಾಗ ಬಾಯಿ ಮುಚ್ಚಿಕೊಂಡು ನೋಡಿ, ಅರ ಹಾಕುವಾಗ ಮಾತಾಡಿಸಿ. ಕಡೆಯದು ಕಪ್ಪೇರಿಸುವುದು. ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ತಪ್ಪಿದರೆ ಕಪ್ಪು ಏರುವುದಿಲ್ಲ, ಅದಕ್ಕೇ ಉಸ್ತಾದರು ಮಣ್ಣನ್ನು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ‘ಈ ಮಣ್ಣ ರುಚಿ ಹ್ಯಾಂಗ ಗೊತ್ತಾಗ್ತದರಿ?’ ಎಂದು ಕೇಳಿ ನೋಡಿ. ಕನ್ನಡ, ದಖನಿ ಎರಡೂ ಬೆರೆತ ಮಾತು ಶುರುವಾಗಿ ಚಾ ಬರುತ್ತದೆ. ‘ನಕ್ಕೋ’ (ಬೇಡ) ಅನ್ನಬೇಡಿ, ಕುಡಿಯಿರಿ.

ಒಂದೇ ದಿನ ಬಿಡುವಿದ್ದರೆ ಎಳ್ಳಮಾಸಿಗೆ (ಎಳ್ಳ ಅಮಾವಾಸ್ಯೆಗೆ) ಬನ್ನಿ. ಹೊಲಕ್ಕೆ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಎಡೆ ಎರಚಿ, ಉಣ್ಣಲು ಕೂತವರು ದಾರಿಹೋಕರನ್ನು ಕೂಗಿ ಕರೆಯುತ್ತಾರೆ. ಸಜ್ಜೆ ಕಡಬು, ಭಜ್ಜಿ, ಅಂಬಲಿ. ಕಾರಿನ ಗಾಜು ಮುಚ್ಚಿದ್ದರೆ ಆ ಕೂಗು ಕೇಳುವುದಿಲ್ಲ.

ತಪ್ಪು ನಿಮ್ಮೊಬ್ಬರದಲ್ಲ, ಪತ್ರಿಕೆಯವರಾದ ನಮ್ಮದೂ ಇದೆ. ‘ನೋಡಲೇಬೇಕಾದ ಹತ್ತು ತಾಣ’ ಅಚ್ಚು ಹಾಕಿ ಹಾಕಿ ಓದುಗರಿಗೆ ಗುರುತು ಹಾಕುವ ಚಟ ಹತ್ತಿಸಿದ್ದೇವೆ. ಬೆಂಗಳೂರಿನಿಂದ ಬಂದು ಬರೆಯುವವರಿಗೆ ನಾವು ಇಂದಿಗೂ ‘ಬಿಸಿಲ ನಾಡು’, ಅದರಾಚೆಗೆ ಪದವಿಲ್ಲ. ದಾರಿಯ ಫಲಕ ಸ್ಮಾರಕಕ್ಕೆ ಎಷ್ಟು ಕಿಲೋಮೀಟರ್ ಎಂದು ಹೇಳುತ್ತದೆ, ಬಸ್ ಎಷ್ಟಕ್ಕೆ ಎಂದು ಹೇಳುವುದಿಲ್ಲ. ಹೊಸ ಬೈಪಾಸುಗಳು ಊರನ್ನು ಬಳಸಿ ಹೋಗುತ್ತವೆ, ಕೂಡಲು ಬೆಂಚಿದ್ದ ಹೋಟೆಲಿನ ಜಾಗದಲ್ಲಿ ಕಾಗದದ ಲೋಟ ಕೈಗಿಟ್ಟು ಕಳಿಸುವ ಡಬ್ಬಿ ಅಂಗಡಿ ಬಂದಿದೆ. ಪ್ರವಾಸೋದ್ಯಮದ ವರದಿಗೆ ಬೇಕಾಗಿರುವುದು ಹರಿದ ಟಿಕೆಟ್ಟಿನ ಎಣಿಕೆ. ಬಂದವರು ಎಷ್ಟು ಹೊತ್ತು ಕೂತರು, ಯಾರ ಮನೆಯ ನೀರು ಕುಡಿದರು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ.

ಇನ್ನು ಅಷ್ಟೂರಿನ ಕತ್ತಲು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿ ಅದು. ಹೋಳಿಯ ನಂತರದ ಉರುಸಿಗೆ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಲಿಂಗಾಯತ ಜಂಗಮರು ಭಕ್ತರ ಜೊತೆ ಅಲ್ಲಿಗೆ ನಡೆದೇ ಬರುತ್ತಾರೆ, ದಾರಿಯ ಊರುಗಳ ಅನ್ನ ನೀರು ನಂಬಿಕೊಂಡು. ಒಳಗಿನ ಬಂಗಾರದ, ಕೆಂಪಿನ ಚಿತ್ತಾರ ಮೊಬೈಲ್ ಬೆಳಕಿಗೆ ಕಾಣುವಂಥದ್ದಲ್ಲ. ಬಾಗಿಲ ಮುಂದೆ ಬಿಸಿಲು ಬಿದ್ದಿರುವ ಹೊತ್ತಿಗೆ ಹೋಗಿ, ಗೋರಿ ನೋಡಿಕೊಳ್ಳುವವರನ್ನು ‘ಸ್ವಲ್ಪ ಬೆಳಕು ತೋರಸ್ತೀರೇನ್ರಿ?’ ಎಂದು ಕೇಳಬೇಕು. ಅವರು ಹೊರಗೆ ಕನ್ನಡಿ ಹಿಡಿದು ಬಿಸಿಲನ್ನು ಗುಮ್ಮಟದೊಳಕ್ಕೆ ತಿರುಗಿಸುತ್ತಾರೆ. ಬೆಳಕು ನೆಲದಿಂದ ಗೋಡೆಗೆ, ಗೋಡೆಯಿಂದ ಮೇಲಕ್ಕೆ ನಿಧಾನಕ್ಕೆ ಏರುತ್ತದೆ. ನೀವು ಒಳಗೆ ಟಾರ್ಚ್ ಆಡಿಸುತ್ತಿದ್ದಾಗ ಅವರು ಬಾಗಿಲ ಹೊರಗೆ ಕೂತಿದ್ದಿರಬೇಕು.